ಒಂದೇ ಸ್ತನದಲ್ಲಿ ಮೂರು ಗಡ್ಡೆ: ಪೆಥಾಲಜಿ ರಿಪೋರ್ಟನ್ನು ಹೇಗೆ ಓದಬೇಕು?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಕ್ಯಾನ್ಸರ್‌ಗಾಗಿ ಎಡ ಸ್ತನವನ್ನು ಪೂರ್ತಿ ತೆಗೆದಿದ್ದಾರೆ. ಆಪರೇಷನ್‌ಗೆ ಮುಂಚೆ ಕೀಮೋ ಕೊಟ್ಟಿರಲಿಲ್ಲ. ರಿಪೋರ್ಟಿನಲ್ಲಿ ‘ಮಲ್ಟಿಫೋಕಲ್’ ಎಂದು ಬರೆದು 22, 11 ಮತ್ತು 6 ಮಿ.ಮೀ. ಅಳತೆಯ ಮೂರು ಗಡ್ಡೆಗಳನ್ನು ಹೇಳಿದ್ದಾರೆ. ಗ್ರೇಡ್ 2, ಪಿಟಿ2(ಎಂ), ಪಿಎನ್1ಎ. ಕಂಕುಳಿನ 14 ಗ್ರಂಥಿಗಳಲ್ಲಿ 2ರಲ್ಲಿ ಕ್ಯಾನ್ಸರ್ ಇದೆ. ಹಾರ್ಮೋನ್ ರಿಸೆಪ್ಟರ್‌ಗಳಾದ ಇಆರ್, ಪಿಆರ್ ಮತ್ತು ಹರ್-2 ಪ್ರೋಟೀನಿನ ಪರೀಕ್ಷೆಯನ್ನು ದೊಡ್ಡ ಗಡ್ಡೆಗೆ ಮಾತ್ರ ಮಾಡಿದ್ದಾರೆ. ಮೂರನ್ನೂ ಕೂಡಿದರೆ 39 ಮಿ.ಮೀ. ಆಗುವುದಿಲ್ಲವೇ? ಕ್ಯಾನ್ಸರ್ ಸ್ತನದೊಳಗೆಲ್ಲ ಹರಡಿತ್ತು ಎಂದೇ ಅರ್ಥವೇ? ಉಳಿದೆರಡು ಗಡ್ಡೆಗಳಿಗೂ ಪರೀಕ್ಷೆ ಮಾಡಿಸಬೇಕಿತ್ತೇ?

ಉತ್ತರ: ಅಳತೆಯ ವಿಷಯವನ್ನು ಮೊದಲು ಮುಗಿಸೋಣ, ಅದಕ್ಕೆ ನೇರ ಉತ್ತರವಿದೆ. ಗಡ್ಡೆಗಳ ಅಳತೆಯನ್ನು ಕೂಡುವುದಿಲ್ಲ. ಒಂದೇ ಸ್ತನದಲ್ಲಿ ಎಷ್ಟು ಗಡ್ಡೆಗಳಿದ್ದರೂ ಟಿ ಹಂತ, ಅಂದರೆ ಗಡ್ಡೆಯ ಗಾತ್ರದ ಹಂತ, ನಿರ್ಧಾರವಾಗುವುದು ಎಲ್ಲಕ್ಕಿಂತ ದೊಡ್ಡದರ ಅತಿ ಉದ್ದದ ಅಳತೆಯಿಂದ. 20 ಮಿ.ಮೀ.ವರೆಗೆ ಟಿ1, ಅದನ್ನು ದಾಟಿ 50ರವರೆಗೆ ಟಿ2, 50 ದಾಟಿದರೆ ಟಿ3. ನಿಮ್ಮ ತಾಯಿಯವರ 22 ಮಿ.ಮೀ. ಗಡ್ಡೆ ಟಿ2 ಆಯಿತು. ಕೂಡಿ 39 ಎಂದುಕೊಂಡರೂ ಅವರ ಹಂತ ಬದಲಾಗುತ್ತಿರಲಿಲ್ಲ. ಆದರೆ 15 ಮತ್ತು 9 ಮಿ.ಮೀ. ಗಡ್ಡೆಗಳಿರುವ ಇನ್ನೊಬ್ಬರಿಗೆ ಹಾಗೆ ಕೂಡಿಬಿಟ್ಟರೆ ಟಿ1 ಇದ್ದದ್ದು ಟಿ2 ಆಗಿಬಿಡುತ್ತದೆ, ಅದು ತಪ್ಪು. ಆವರಣದಲ್ಲಿರುವ ‘ಎಂ’ ಅಕ್ಷರ ಒಂದಕ್ಕಿಂತ ಹೆಚ್ಚು ಗಡ್ಡೆಗಳಿವೆ ಎಂದಷ್ಟೇ ಹೇಳುತ್ತದೆ. ದೊಡ್ಡ ಗಡ್ಡೆಯ ಸುತ್ತ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಸಣ್ಣ ಚುಕ್ಕೆಗಳನ್ನೂ ಅಳತೆಗೆ ಸೇರಿಸುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆಯೇ ನಿಜವಾಗಿ ಮುಖ್ಯವಾದದ್ದು. ಗಡ್ಡೆ ಎಷ್ಟು ಎಂಬ ಲೆಕ್ಕಕ್ಕಿಂತ ಗಡ್ಡೆಗಳ ನಡುವಿನ ಜಾಗದಲ್ಲಿ ಏನಿದೆ ಎಂಬುದು ಹೆಚ್ಚು ಹೇಳುತ್ತದೆ. ರಿಪೋರ್ಟಿನಲ್ಲಿ ಬಹಳ ಸಲ ಬಿಟ್ಟುಹೋಗುವುದೂ ಅದೇ.

‘ಮಲ್ಟಿಫೋಕಲ್’ ಎಂದರೆ ವಾಡಿಕೆಯಲ್ಲಿ ಸ್ತನದ ಒಂದೇ ಕಾಲುಭಾಗದಲ್ಲಿ ಹಲವು ಗಡ್ಡೆಗಳು. ಬೇರೆ ಬೇರೆ ಕಾಲುಭಾಗಗಳಲ್ಲಿದ್ದರೆ ‘ಮಲ್ಟಿಸೆಂಟ್ರಿಕ್’. ಕೆಲವರು ಕಾಲುಭಾಗದ ಬದಲು 5 ಸೆಂ.ಮೀ. ಅಂತರವನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಈ ಕಾಲುಭಾಗಗಳು ನಾವು ಹೊರಗಿನಿಂದ ಎಳೆದುಕೊಂಡ ಗೆರೆಗಳು. ಒಳಗಿರುವುದು ಮೊಲೆತೊಟ್ಟಿನಿಂದ ಹೊರಟು ಕವಲೊಡೆಯುವ ಸುಮಾರು 15ರಿಂದ 20 ಹಾಲಿನ ನಾಳಗಳ ವ್ಯವಸ್ಥೆಗಳು. ಒಂದರ ಕವಲುಗಳು ಇನ್ನೊಂದರ ಜಾಗಕ್ಕೂ ಚಾಚಿಕೊಂಡಿರುತ್ತವೆ. ಹಾಗಾಗಿ ಎರಡು ಕಾಲುಭಾಗಗಳಲ್ಲಿರುವ ಗಡ್ಡೆಗಳು ಒಂದೇ ನಾಳದ ಕವಲಿನಲ್ಲಿ ಹುಟ್ಟಿರಬಹುದು, ಒಂದೇ ಕಾಲುಭಾಗದ ಎರಡು ಗಡ್ಡೆಗಳು ಬೇರೆ ಬೇರೆ ನಾಳಗಳಿಗೆ ಸೇರಿರಬಹುದು. ನನ್ನ ಅಭಿಪ್ರಾಯದಲ್ಲಿ ಈ ಎರಡು ಹೆಸರುಗಳಿಗಿಂತ ಗಡ್ಡೆಗಳ ಸಂಖ್ಯೆ, ಪ್ರತಿಯೊಂದರ ಅಳತೆ, ಒಂದರಿಂದ ಇನ್ನೊಂದಕ್ಕಿರುವ ದೂರ ಇವಿಷ್ಟನ್ನು ಬರೆದರೆ ಸರ್ಜನ್‌ಗೂ ಆಂಕಾಲಜಿಸ್ಟ್‌ಗೂ ಹೆಚ್ಚು ಉಪಯೋಗ.

ಹಲವು ಗಡ್ಡೆಗಳು ಆಗುವ ಬಗೆಯೂ ಒಂದೇ ಅಲ್ಲ. ಬಹಳ ಸಾಮಾನ್ಯವಾದದ್ದು ಡಿಸಿಐಎಸ್‌ನಿಂದ ಆಗುವಂಥದ್ದು. ಡಿಸಿಐಎಸ್ ಎಂದರೆ ಹಾಲಿನ ನಾಳದ ಗೋಡೆಯನ್ನು ಇನ್ನೂ ದಾಟದ, ಒಳಗೇ ಬೆಳೆಯುವ ಕ್ಯಾನ್ಸರ್. ಅದು ನಾಳದ ಉದ್ದಕ್ಕೂ ಸೆಂಟಿಮೀಟರುಗಟ್ಟಲೆ ಸಾಗಿ, ಅಲ್ಲಲ್ಲಿ ಗೋಡೆ ಒಡೆದು ಹೊರಗೆ ನುಗ್ಗುತ್ತದೆ. ಹಾಗೆ ನುಗ್ಗಿದ ಪ್ರತಿ ಜಾಗದಲ್ಲೂ ಒಂದು ಗಡ್ಡೆ. ಕೈಗೆ ಮೂರು ಗಂಟುಗಳಾಗಿ ಸಿಕ್ಕರೂ ರೋಗ ಒಂದೇ, ಬೇರು ಒಂದೇ. ನಡುವಿನ ಜಾಗದಿಂದ ತೆಗೆದ ತುಣುಕಿನಲ್ಲಿ ಡಿಸಿಐಎಸ್ ಕಂಡರೆ ಈ ಕಥೆ ಸ್ಪಷ್ಟವಾಗುತ್ತದೆ. ಮ್ಯಾಮೊಗ್ರಾಮ್‌ನಲ್ಲಿ ಸಾಲಾಗಿ ಸುಣ್ಣದ ಕಣಗಳು ಕಂಡಿದ್ದರೆ ಅದೂ ಇದನ್ನೇ ಸೂಚಿಸುತ್ತದೆ.

ಎರಡನೆಯ ಬಗೆಯಲ್ಲಿ ಒಂದು ದೊಡ್ಡ ಗಡ್ಡೆಯಿದ್ದು ಅದರ ಹತ್ತಿರದಲ್ಲೇ ಉಪಗಡ್ಡೆಗಳಿರುತ್ತವೆ, ನಡುವೆ ಡಿಸಿಐಎಸ್ ಇರುವುದಿಲ್ಲ. ಮೂರನೆಯದು ಲಿಂಫ್ ನಾಳ ಮತ್ತು ರಕ್ತನಾಳಗಳ ಮೂಲಕ ಆಗುವಂಥದ್ದು. ಅಲ್ಲಿ ಕ್ಯಾನ್ಸರ್ ಕೋಶಗಳ ಗುಂಪುಗಳು ನಾಳದೊಳಗೆ ತೇಲಿಕೊಂಡು ಹೋಗಿ ಸ್ತನದ ಇನ್ನೊಂದು ಕಡೆ ನೆಲೆ ನಿಲ್ಲುತ್ತವೆ. ನೀವು ‘ಒಳಗೆ ಹರಡಿತ್ತೇ’ ಎಂದು ಕೇಳಿದ್ದಕ್ಕೆ ಹೌದು ಎನ್ನಬೇಕಾದದ್ದು ಇಲ್ಲಿ. ರಿಪೋರ್ಟಿನಲ್ಲಿ ‘ಲಿಂಫೋವ್ಯಾಸ್ಕ್ಯುಲರ್ ಇನ್ವೇಷನ್’ ಎಂಬ ಸಾಲನ್ನು ಹುಡುಕಿ. ‘ವ್ಯಾಪಕ’ ಎಂದಿದ್ದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಇಲ್ಲೊಂದು ಎಡವಟ್ಟು ಆಗುತ್ತದೆ. ಲಿಂಫ್ ನಾಳದೊಳಗಿನ ಕೋಶಗುಂಪೂ ಡಿಸಿಐಎಸ್ ಇರುವ ಚಿಕ್ಕ ಹಾಲಿನ ನಾಳವೂ ಎಚ್‌ಆಂಡ್‌ಇ (ಮಾಮೂಲಿ ಬಣ್ಣ ಹಾಕಿದ) ಸ್ಲೈಡಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಹಾಲಿನ ನಾಳದ ಸುತ್ತ ಮಯೋಎಪಿಥೀಲಿಯಲ್ ಕೋಶಗಳ ಪದರ ಇರುತ್ತದೆ, ಲಿಂಫ್ ನಾಳಕ್ಕೆ ಅದಿಲ್ಲ. ಪಿ63 ಎಂಬ ವಿಶೇಷ ಬಣ್ಣ (ಸ್ಟೇನ್) ಹಾಕಿದರೆ ಆ ಪದರದ ಕೋಶಬೀಜಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಡಿ2-40 ಸ್ಟೇನ್ ಲಿಂಫ್ ನಾಳದ ಒಳಗೋಡೆಯನ್ನು ತೋರಿಸುತ್ತದೆ. ಅನುಮಾನವಿದ್ದಾಗ ಈ ಎರಡು ಸ್ಲೈಡುಗಳು ಇಡೀ ವ್ಯಾಖ್ಯಾನವನ್ನೇ ತಿರುಗಿಸಬಲ್ಲವು.

ನಾಲ್ಕನೆಯದು ನಿಜವಾಗಿಯೂ ಬೇರೆ ಬೇರೆಯಾಗಿ ಹುಟ್ಟಿದ ಕ್ಯಾನ್ಸರ್‌ಗಳು. ಒಂದು ಡಕ್ಟಲ್, ಇನ್ನೊಂದು ಲಾಬ್ಯುಲರ್ (ಸ್ತನ ಕ್ಯಾನ್ಸರಿನ ಎರಡು ಮುಖ್ಯ ಬಗೆಗಳು). ಇಲ್ಲವೇ ಒಂದು ಗ್ರೇಡ್ 1 (ಸೌಮ್ಯ), ಇನ್ನೊಂದು ಗ್ರೇಡ್ 3 (ಉಗ್ರ). ಪ್ರತಿಯೊಂದರ ಪಕ್ಕದಲ್ಲೂ ಅದರದೇ ಡಿಸಿಐಎಸ್. ಜೀನ್ ಪರೀಕ್ಷೆಗಳಲ್ಲಿ ನೋಡಿದಾಗ ಒಂದೇ ಬಗೆಯ ಗಡ್ಡೆಗಳು ಹೆಚ್ಚಿನ ಸಲ ಒಂದೇ ಮೂಲದಿಂದ ಕವಲೊಡೆದವು ಎಂದು ಕಂಡಿದೆ, ಆದರೆ ಎಲ್ಲವೂ ಅಲ್ಲ. ಐದನೆಯದು ಕೀಮೋ ಆದ ಮೇಲಿನ ಸ್ಥಿತಿ: ಮೊದಲು ಒಂದೇ ಆಗಿದ್ದ ಗಡ್ಡೆ ಔಷಧಕ್ಕೆ ಕರಗಿ ಅಲ್ಲಲ್ಲಿ ಚೂರುಗಳಾಗಿ ಉಳಿಯುತ್ತದೆ. ಅದನ್ನು ನೋಡಿ ಮೂಲದಲ್ಲೇ ಹಲವು ಗಡ್ಡೆಗಳಿದ್ದವು ಎನ್ನಬಾರದು. ನಿಮ್ಮ ತಾಯಿಯವರಿಗೆ ಇದು ಅನ್ವಯಿಸುವುದಿಲ್ಲ.

ಇನ್ನು ಹಲವು ಎಂದು ಕಂಡರೂ ಹಲವು ಅಲ್ಲದವು ಇವೆ. ಸ್ತನದ ಗಡ್ಡೆ ಗೋಲಿಯಂತೆ ದುಂಡಗಿರುವುದು ಕಡಿಮೆ. ಅದು ಸುತ್ತಲೂ ಕೈ ಚಾಚಿಕೊಂಡು ಬೆಳೆಯುತ್ತದೆ. ಚಾಚಿದ ಕೈಯೊಂದನ್ನು ಅಡ್ಡ ಕತ್ತರಿಸಿದರೆ ಆ ಹೋಳಿನಲ್ಲಿ ಪ್ರತ್ಯೇಕ ಗಡ್ಡೆಯಂತೆ ಕಾಣುತ್ತದೆ, ಮುಂದಿನ ಹೋಳಿನಲ್ಲಿ ದೊಡ್ಡದಕ್ಕೆ ಕೂಡಿಕೊಂಡಿರುತ್ತದೆ. ಆದ್ದರಿಂದ ಬಹಳ ಪ್ರಯೋಗಾಲಯಗಳು ನಡುವೆ ಕನಿಷ್ಠ 5 ಮಿ.ಮೀ. ಕ್ಯಾನ್ಸರ್ ಇಲ್ಲದ ಅಂಗಾಂಶ ಇದ್ದರೆ ಮಾತ್ರ ಬೇರೆ ಗಡ್ಡೆ ಎಂದು ಎಣಿಸುತ್ತವೆ. ಇನ್ನೊಂದು ಮೋಸ ಸ್ತನದೊಳಗೇ ಇರುವ ಲಿಂಫ್ ಗ್ರಂಥಿಯದು. ಅದರಲ್ಲಿ ಕ್ಯಾನ್ಸರ್ ತುಂಬಿಕೊಂಡಿದ್ದರೆ 6 ಮಿ.ಮೀ.ನ ದುಂಡನೆಯ ‘ಎರಡನೇ ಗಡ್ಡೆ’ಯಂತೆಯೇ ತೋರುತ್ತದೆ. ಅಂಚಿನಲ್ಲಿ ಉಳಿದ ಲಿಂಫೋಸೈಟುಗಳ (ಗ್ರಂಥಿಯ ಬಿಳಿ ರಕ್ತಕಣಗಳ) ಪಟ್ಟಿ ಮತ್ತು ಗ್ರಂಥಿಯ ಹೊದಿಕೆ ಕಂಡರೆ ಅದು ಗಡ್ಡೆಯ ಲೆಕ್ಕಕ್ಕೆ ಬರುವುದಿಲ್ಲ, ಗ್ರಂಥಿಗಳ ಲೆಕ್ಕಕ್ಕೆ ಹೋಗುತ್ತದೆ. ದುಂಡಗಿದ್ದು, ಸುತ್ತ ಡಿಸಿಐಎಸ್ ಇಲ್ಲದ ಚಿಕ್ಕ ಗಡ್ಡೆ ಸಿಕ್ಕಾಗಲೆಲ್ಲ ಈ ಪ್ರಶ್ನೆ ಕೇಳಿಕೊಳ್ಳಬೇಕು.

ಲಾಬ್ಯುಲರ್ ಕ್ಯಾನ್ಸರ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಇದರ ಕೋಶಗಳಲ್ಲಿ ಒಂದನ್ನೊಂದು ಹಿಡಿದಿಡುವ ಇ-ಕ್ಯಾಡ್ಹೆರಿನ್ ಪ್ರೋಟೀನು ಸಾಮಾನ್ಯವಾಗಿ ಇರುವುದಿಲ್ಲ, ಅದಕ್ಕೇ ಅವು ಒಂದರ ಹಿಂದೊಂದು ಸಾಲುಗಟ್ಟಿ ಕೊಬ್ಬು, ನಾರುಗಳ ನಡುವೆ ನುಸುಳುತ್ತವೆ. ಗಂಟು ಕಟ್ಟದೆಯೂ ಹರಡುವುದರಿಂದ ಮ್ಯಾಮೊಗ್ರಾಮ್‌ನಲ್ಲಿ ತಪ್ಪಿಸಿಕೊಳ್ಳಬಹುದು, ಬೆರಳಿಗೂ ಸಿಗದಿರಬಹುದು. ಹಲವು ಗಡ್ಡೆಗಳಾಗುವುದು, ಇನ್ನೊಂದು ಸ್ತನದಲ್ಲೂ ಬರುವುದು ಡಕ್ಟಲ್‌ಗಿಂತ ಇದರಲ್ಲಿ ಹೆಚ್ಚು. ಕಣ್ಣಿಗೆ 12 ಮಿ.ಮೀ. ಎನಿಸಿದ್ದು ಸ್ಲೈಡಿನಲ್ಲಿ 50 ಮಿ.ಮೀ. ದಾಟಿರಬಹುದು. ರಿಪೋರ್ಟಿನಲ್ಲಿ ಲಾಬ್ಯುಲರ್ ಎಂದಿದ್ದರೆ, ನೋಡಲು ಚೆನ್ನಾಗಿಯೇ ಇದ್ದ ಜಾಗಗಳಿಂದಲೂ ತುಣುಕು ತೆಗೆದಿದ್ದಾರೆಯೇ ಎಂದು ವಿಚಾರಿಸಿ.

ಇದೆಲ್ಲ ಗೊತ್ತಾಗುವುದು ಸೂಕ್ಷ್ಮದರ್ಶಕದ ಮುಂದೆ ಕುಳಿತಾಗ ಎಂದು ಅನಿಸಬಹುದು. ನಿಜಕ್ಕೂ ಅರ್ಧದಷ್ಟು ಕೆಲಸ ಅದಕ್ಕೂ ಮುಂಚೆ, ತೆಗೆದ ಅಂಗವನ್ನು ಕತ್ತರಿಸಿ ನೋಡುವ ಗ್ರಾಸಿಂಗ್ ಮೇಜಿನ ಮೇಲೆಯೇ ನಿರ್ಧಾರವಾಗಿಬಿಡುತ್ತದೆ. ತೆಗೆದ ಸ್ತನವನ್ನು ಒಂದು ಗಂಟೆಯೊಳಗೆ ಕತ್ತರಿಸಿ, ಕೆಡದಂತೆ ಇಡುವ ದ್ರವವಾದ ಫಾರ್ಮಾಲಿನ್ ಒಳಗಿಳಿಯುವಂತೆ ಮಾಡಬೇಕು. ಬೇಕಾದದ್ದು 10 ಶೇಕಡಾ ಬಫರ್ಡ್ ಫಾರ್ಮಾಲಿನ್, ಪ್ರಮಾಣ ಅಂಗಾಂಶದ ಸುಮಾರು ಹತ್ತು ಪಟ್ಟು, ಸಮಯ 6ರಿಂದ 72 ಗಂಟೆ. ಫಾರ್ಮಾಲಿನ್ ಅಂಗಾಂಶದೊಳಗೆ ಗಂಟೆಗೆ ಸುಮಾರು 1 ಮಿ.ಮೀ. ಇಳಿಯುತ್ತದೆ, ಕೊಬ್ಬಿನಲ್ಲಿ ಇನ್ನೂ ನಿಧಾನ. ಶನಿವಾರ ಸಂಜೆ ತೆಗೆದ ಸ್ತನವನ್ನು ಇಡಿಯಾಗಿ ಡಬ್ಬಿಗೆ ಹಾಕಿ ಸೋಮವಾರ ತೆರೆದರೆ ಹೊರಗೆ ಗಟ್ಟಿಯಾಗಿ ಕಂಡರೂ ನಡುಭಾಗ ಕೊಳೆಯಲು ಶುರುವಾಗಿರುತ್ತದೆ. ವಿಭಜನೆಯಾಗುತ್ತಿದ್ದ ಕೋಶಗಳು ಗುರುತು ಸಿಗದೆ ಗ್ರೇಡ್ ಕಡಿಮೆ ಬರುತ್ತದೆ. ಇಆರ್, ಪಿಆರ್ ಇದ್ದರೂ ಇಲ್ಲವೆಂದು ಬರಬಹುದು. ಒಂದು ಗಡ್ಡೆ ಹೊರ ಅಂಚಿನಲ್ಲೂ ಇನ್ನೊಂದು ಆಳದಲ್ಲೂ ಇದ್ದಾಗ ಒಂದು ಪಾಸಿಟಿವ್, ಇನ್ನೊಂದು ನೆಗೆಟಿವ್ ಎಂದು ಬರುವ ವ್ಯತ್ಯಾಸ ರೋಗದ್ದೇ ಅಲ್ಲದಿರಬಹುದು. ಅದಕ್ಕೇ ಸ್ಲೈಡಿನಲ್ಲಿ ಪಕ್ಕದ ಆರೋಗ್ಯವಾದ ಹಾಲಿನ ನಾಳಗಳಲ್ಲಿ ಇಆರ್ ಬಣ್ಣ ಬಂದಿದೆಯೇ ಎಂದು ನೋಡಬೇಕು. ಅಲ್ಲೂ ಬಂದಿರದಿದ್ದರೆ ಆ ‘ನೆಗೆಟಿವ್’ ಅನ್ನು ನಂಬುವ ಹಾಗಿಲ್ಲ, ಆಪರೇಷನ್‌ಗೆ ಮುಂಚಿನ ಬಯಾಪ್ಸಿಯ ಮೇಲೆ ಪರೀಕ್ಷೆ ಮಾಡಬೇಕು.

ಕತ್ತರಿಸುವ ಕ್ರಮ ಹೀಗೆ: ಸರ್ಜನ್ ಹಾಕಿದ ಹೊಲಿಗೆಯ ಗುರುತಿನಿಂದ ಮೇಲೆ, ಕೆಳಗೆ, ಒಳಪಕ್ಕ, ಹೊರಪಕ್ಕ ಗೊತ್ತುಮಾಡಿಕೊಂಡು ಅಂಚುಗಳಿಗೆ ಬೇರೆ ಬೇರೆ ಬಣ್ಣದ ಇಂಕು ಬಳಿಯುತ್ತಾರೆ. ಸ್ತನದ ಹಿಂಬದಿಯಿಂದ ಸುಮಾರು 5 ಮಿ.ಮೀ. ದಪ್ಪದ ಹೋಳುಗಳನ್ನು, ಚರ್ಮಕ್ಕೆ ಅಂಟಿಕೊಂಡೇ ಇರುವಂತೆ, ಪುಸ್ತಕದ ಹಾಳೆಗಳ ಹಾಗೆ ಬಿಡಿಸುತ್ತಾರೆ. ಹೋಳುಗಳಿಗೆ ನಂಬರು ಕೊಡುತ್ತಾರೆ. ದೊಡ್ಡ ಗಡ್ಡೆ 6ರಿಂದ 9ನೇ ಹೋಳಿನಲ್ಲಿದ್ದು ಎರಡನೆಯದು 13, 14ರಲ್ಲಿದ್ದರೆ, ನಡುವಿನ 10, 11, 12 ಸೇರಿ ಅಂತರ ಸುಮಾರು 15 ಮಿ.ಮೀ. ಆ ಮೂರು ಹೋಳುಗಳಿಂದಲೂ ತುಣುಕು ತೆಗೆದು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡಬೇಕು. ಬೆರಳಿಗೆ ಮೆತ್ತಗೆ, ಕಣ್ಣಿಗೆ ಬರೀ ಕೊಬ್ಬಿನಂತೆ ಕಂಡಿತೆಂದು ಅದನ್ನು ಬಿಟ್ಟರೆ ಮೇಲೆ ಹೇಳಿದ ಐದು ಬಗೆಗಳಲ್ಲಿ ಯಾವುದು ಎಂದು ಆಮೇಲೆ ಯಾರೂ ಹೇಳಲಾರರು. ಎಂಆರ್‌ಐನಲ್ಲಿ ಮೂರು ಗಡ್ಡೆ ಕಂಡು ಮೇಜಿನ ಮೇಲೆ ಎರಡೇ ಸಿಕ್ಕರೆ ಹೋಳುಗಳ ಎಕ್ಸ್‌ರೇ ತೆಗೆಯಬೇಕು. ಬಯಾಪ್ಸಿ ಕಾಲದಲ್ಲಿ ಇಟ್ಟ ಲೋಹದ ಕ್ಲಿಪ್ ಅದರಲ್ಲಿ ಹೊಳೆಯುತ್ತದೆ. ಇದಕ್ಕಾಗಿ ಸ್ಕ್ಯಾನ್ ರಿಪೋರ್ಟ್ ಪೆಥಾಲಜಿಸ್ಟ್ ಕೈಗೆ ತಲುಪಿರಬೇಕು. ನಮ್ಮಲ್ಲಿ ಬಹಳ ಕಡೆ ರಿಕ್ವೆಸ್ಟ್ ಫಾರಂನಲ್ಲಿ ‘ಕಾರ್ಸಿನೋಮ ಬ್ರೆಸ್ಟ್’ ಎಂಬ ಎರಡೇ ಪದ ಬರೆದು ಕಳಿಸುತ್ತಾರೆ. ಇದು ಬದಲಾಗಲೇಬೇಕು, ಗಡ್ಡೆಗಳು ಗಡಿಯಾರದ ಯಾವ ಗಂಟೆಯ ದಿಕ್ಕಿನಲ್ಲಿ, ಮೊಲೆತೊಟ್ಟಿನಿಂದ ಎಷ್ಟು ದೂರದಲ್ಲಿವೆ ಎಂದು ಬರೆಯಲು ಒಂದು ನಿಮಿಷ ಸಾಕು.

ಹುಡುಕಿದಷ್ಟೂ ಸಿಗುತ್ತದೆ ಎಂಬುದಕ್ಕೆ ನೆದರ್‌ಲ್ಯಾಂಡ್ಸ್‌ನಲ್ಲಿ ರೋಲಂಡ್ ಹಾಲೆಂಡ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಕೆಲಸ ಸಾಕ್ಷಿ. ಒಂದೇ ಗಡ್ಡೆ ಎಂದುಕೊಂಡಿದ್ದ 282 ಕ್ಯಾನ್ಸರ್‌ಗಳನ್ನು ಇಡೀ ಸ್ತನ ಹೋಳುಮಾಡಿ ನೋಡಿದಾಗ 37 ಶೇಕಡಾದಲ್ಲಿ ಮಾತ್ರ ಹೊರಗೆ ಬೇರೇನೂ ಇರಲಿಲ್ಲ. 20 ಶೇಕಡಾದಲ್ಲಿ 2 ಸೆಂ.ಮೀ.ನೊಳಗೆ, 43 ಶೇಕಡಾದಲ್ಲಿ ಅದಕ್ಕೂ ಆಚೆ, ಡಿಸಿಐಎಸ್ ಅಥವಾ ಹೊರನುಗ್ಗಿದ ಕ್ಯಾನ್ಸರ್ ಇತ್ತು. ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸಿದವರಿಗೆ ರೇಡಿಯೇಶನ್ ಏಕೆ ಕೊಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ವಿವರಣೆ ಇಲ್ಲ. ನಿಮ್ಮ ತಾಯಿಯವರ ರಿಪೋರ್ಟಿನ ‘ಮಲ್ಟಿಫೋಕಲ್’ ಪದವನ್ನೂ ಈ ಬೆಳಕಿನಲ್ಲಿ ನೋಡಿ. ಅದು ಅಪರೂಪದ ಭಯಾನಕ ರೂಪವೇನಲ್ಲ.

ಮೂರಕ್ಕೂ ಇಆರ್, ಪಿಆರ್, ಹರ್-2 ಬೇಕಿತ್ತೇ? ದೊಡ್ಡ ಗಡ್ಡೆಗೆ ಕಡ್ಡಾಯ. ಉಳಿದವು ಬೇರೆ ಬಗೆಯವಾಗಿದ್ದರೆ ಅಥವಾ ಬೇರೆ ಗ್ರೇಡ್ ಆಗಿದ್ದರೆ ಅವಕ್ಕೂ ಮಾಡಲೇಬೇಕು. ಮೂರೂ ಒಂದೇ ಬಗೆ, ಒಂದೇ ಗ್ರೇಡ್, ನಡುವೆ ಡಿಸಿಐಎಸ್ ಸೇತುವೆಯಿದ್ದರೆ ಫಲಿತಾಂಶ ಬೇರೆ ಬರುವುದು ಕಡಿಮೆ, ಆಗ ಒಂದಕ್ಕೇ ಮಾಡಿದ್ದು ತಪ್ಪಲ್ಲ. ನಿಮ್ಮ ರಿಪೋರ್ಟಿನಲ್ಲಿರುವ ‘ಗ್ರೇಡ್ 2’ ಮೂರಕ್ಕೂ ಸೇರಿದ್ದೋ ದೊಡ್ಡದಕ್ಕೆ ಮಾತ್ರವೋ ಎಂದು ಕೇಳಿ ತಿಳಿದುಕೊಳ್ಳಿ. ಗ್ರೇಡ್ ಬರುವುದು ಮೂರು ಅಂಶಗಳ ಅಂಕಗಳಿಂದ: ಕೋಶಗಳು ನಳಿಕೆ ಕಟ್ಟುವ ಪ್ರಮಾಣ, ಕೋಶಬೀಜಗಳ ವಿಕಾರ, ವಿಭಜನೆಯ ಎಣಿಕೆ. ಒಂದೊಂದಕ್ಕೆ 1ರಿಂದ 3. ಮೊತ್ತ 3–5 ಗ್ರೇಡ್ 1, 6–7 ಗ್ರೇಡ್ 2, 8–9 ಗ್ರೇಡ್ 3. ಪ್ರತಿ ಗಡ್ಡೆಗೂ ಈ ಮೂರಂಕಿ ಬರೆದಿದ್ದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. 6 ಮಿ.ಮೀ.ನ ಚಿಕ್ಕ ಗಡ್ಡೆ ಗ್ರೇಡ್ 3 ಆಗಿದ್ದು ಹರ್-2 3+ ಬಂದರೆ ಹರ್-2 ವಿರುದ್ಧದ ಔಷಧವಾದ ಟ್ರಾಸ್ಟುಜುಮ್ಯಾಬ್ ಚಿಕಿತ್ಸೆಯ ಮಾತು ಬರುತ್ತದೆ. ದೊಡ್ಡದನ್ನೊಂದನ್ನೇ ಪರೀಕ್ಷಿಸಿದ್ದರೆ ಅದು ತಪ್ಪಿಹೋಗುತ್ತದೆ. ಅಳತೆಯಲ್ಲಿ ಹಿರಿಯದು ಮುಖ್ಯ, ಔಷಧದ ಆಯ್ಕೆಯಲ್ಲಿ ಸ್ವಭಾವದಲ್ಲಿ ಕೆಟ್ಟದ್ದು ಮುಖ್ಯ.

ಫಲಿತಾಂಶ ಓದುವಾಗ: ಇಆರ್ 1 ಶೇಕಡಾ ಅಥವಾ ಹೆಚ್ಚಿದ್ದರೆ ಪಾಸಿಟಿವ್, 1ರಿಂದ 10ರವರೆಗೆ ಕಡಿಮೆ ಪಾಸಿಟಿವ್. ಹರ್-2 0 ಅಥವಾ 1+ ನೆಗೆಟಿವ್, 3+ ಪಾಸಿಟಿವ್. 2+ ಬಂದರೆ ಹರ್-2 ಜೀನನ್ನು ಎಣಿಸುವ ಫಿಶ್ ಪರೀಕ್ಷೆ ಆಗುವವರೆಗೆ ಯಾವ ಕಡೆಗೂ ತೀರ್ಮಾನ ಮಾಡುವಂತಿಲ್ಲ.

ಗ್ರಂಥಿಗಳ ಬಗ್ಗೆ. ಹಲವು ಗಡ್ಡೆಗಳಿದ್ದಾಗ ಕಂಕುಳಿನ ಗ್ರಂಥಿಗಳಿಗೆ ಕ್ಯಾನ್ಸರ್ ಹೋಗಿರುವುದು ಹೆಚ್ಚು ಕಾಣುತ್ತದೆ. ಪಿಎನ್1ಎ ಎಂದರೆ 1ರಿಂದ 3 ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದು, ಒಂದರಲ್ಲಾದರೂ 2 ಮಿ.ಮೀ. ಮೀರಿದ ತುಣುಕಿದೆ ಎಂದು. ಗ್ರಂಥಿಯ ಹೊದಿಕೆ ಒಡೆದು ಹೊರಗೆ ಬಂದಿದೆಯೇ ಎಂಬುದನ್ನೂ ಬರೆದಿರಬೇಕು. ನಿಮ್ಮ ತಾಯಿಯವರಿಗೆ ಮುಂದಿನ ಚಿಕಿತ್ಸೆಯನ್ನು ತೂಗುವುದು ಮೂರು ಗಡ್ಡೆ ಎಂಬ ಸಂಖ್ಯೆಗಿಂತ ಈ ಎರಡು ಗ್ರಂಥಿಗಳು, ಗ್ರೇಡ್, ರಿಸೆಪ್ಟರ್‌ಗಳು. ಸ್ತನ ಪೂರ್ತಿ ತೆಗೆದ ಮೇಲೆ ಹಲವು ಗಡ್ಡೆಗಳಿದ್ದವು ಎಂಬ ಕಾರಣಕ್ಕಷ್ಟೇ ರೇಡಿಯೇಶನ್ ಕೊಡುವುದಿಲ್ಲ. ಆದರೆ ಗ್ರಂಥಿಗಳಲ್ಲಿ ಕ್ಯಾನ್ಸರ್ ಇರುವುದರಿಂದ ರೇಡಿಯೇಶನ್ ಆಂಕಾಲಜಿಸ್ಟ್ ಜೊತೆ ಆ ಮಾತು ಆಗಲೇಬೇಕು. ಅಂಚಿನ ವಿಷಯದಲ್ಲಿ, ಮೂರು ಗಡ್ಡೆಗಳಲ್ಲಿ ಯಾವುದು ಹಿಂಬದಿಯ ಸ್ನಾಯುವಿನ ಕಡೆಗೆ ಅತಿ ಹತ್ತಿರವಿತ್ತು, ಎಷ್ಟು ಮಿ.ಮೀ. ಎಂದು ನೋಡಿ. ದೊಡ್ಡದರ ಅಂಚನ್ನಷ್ಟೇ ಅಳೆದು ಉಳಿದವನ್ನು ಮರೆಯುವುದುಂಟು.

ಹಲವು ಗಡ್ಡೆಗಳಿದ್ದರೆ ಸ್ತನ ತೆಗೆಯಲೇಬೇಕೇ ಎಂದು ಇದನ್ನೋದುವ ಬೇರೆಯವರಿಗೂ ಅನಿಸಬಹುದು. ಹಿಂದೆ ಹಾಗೇ ಹೇಳುತ್ತಿದ್ದರು. ಅಮೆರಿಕದ ಝಡ್11102 ಎಂಬ ಅಧ್ಯಯನದಲ್ಲಿ 40 ದಾಟಿದ, ಎರಡು ಅಥವಾ ಮೂರು ಗಡ್ಡೆಗಳಿದ್ದ 204 ಮಹಿಳೆಯರಿಗೆ ಗಡ್ಡೆಗಳನ್ನಷ್ಟೇ ತೆಗೆದು ಇಡೀ ಸ್ತನಕ್ಕೂ ಗಡ್ಡೆಯಿದ್ದ ಜಾಗಗಳಿಗೂ ರೇಡಿಯೇಶನ್ ಕೊಟ್ಟರು. 2023ರಲ್ಲಿ ಪ್ರಕಟವಾದಂತೆ, 5 ವರ್ಷಗಳಲ್ಲಿ ಅದೇ ಸ್ತನದಲ್ಲಿ ರೋಗ ಮರಳಿದ್ದು 3.1 ಶೇಕಡಾ. ಆಪರೇಷನ್‌ಗೆ ಮುಂಚೆ ಎಂಆರ್‌ಐ ಮಾಡಿಸಿದವರಲ್ಲಿ 1.7 ಶೇಕಡಾ, ಮಾಡಿಸದವರಲ್ಲಿ 22.6 ಶೇಕಡಾ. ಮಾಡಿಸದಿದ್ದವರು 15 ಜನ ಮಾತ್ರ, ಆ ಅಂಕಿಯನ್ನು ಅಷ್ಟೇ ಎಚ್ಚರದಿಂದ ಓದಬೇಕು. ಆದರೂ ಸ್ತನ ಉಳಿಸಿಕೊಳ್ಳುವ ಯೋಚನೆ ಇರುವವರು ಎಂಆರ್‌ಐ ಬಿಡಬಾರದು ಎಂದೇ ನಾನು ಹೇಳುವುದು.

ಈಗ ನೀವು ಮಾಡಬೇಕಾದ್ದು. ರಿಪೋರ್ಟ್ ಬರೆದ ಪೆಥಾಲಜಿಸ್ಟ್ ಅವರನ್ನೇ ಭೇಟಿಯಾಗಲು ಸಮಯ ಕೇಳಿ, ಅದು ನಿಮ್ಮ ಹಕ್ಕು, ಹೆಚ್ಚಿನವರು ಒಪ್ಪುತ್ತಾರೆ. ಐದು ವಿಷಯ ತಿಳಿದುಕೊಳ್ಳಿ: ಗಡ್ಡೆಗಳ ನಡುವಿನ ಜಾಗದಿಂದ ಬ್ಲಾಕ್ ತೆಗೆದಿದ್ದಾರೆಯೇ, ಅದರಲ್ಲಿ ಡಿಸಿಐಎಸ್ ಇತ್ತೇ, ಮೂರೂ ಒಂದೇ ಬಗೆ, ಒಂದೇ ಗ್ರೇಡೇ, ಲಿಂಫ್ ನಾಳಗಳಲ್ಲಿ ಕ್ಯಾನ್ಸರ್ ಕೋಶಗಳಿದ್ದವೇ, 6 ಮಿ.ಮೀ.ನದು ಗ್ರಂಥಿಯಲ್ಲ ಎಂದು ಖಾತ್ರಿಯೇ. ಗ್ರೇಡ್ ಅಥವಾ ಬಗೆ ಬೇರೆ ಎಂದಾದರೆ ಉಳಿದ ಗಡ್ಡೆಗಳ ಬ್ಲಾಕಿನ ಮೇಲೆ ಇಆರ್, ಪಿಆರ್, ಹರ್-2 ಈಗಲೂ ಮಾಡಿಸಬಹುದು. ಮೇಣದ ಬ್ಲಾಕಿನಲ್ಲಿರುವ ಅಂಗಾಂಶ ತಿಂಗಳುಗಳಲ್ಲಿ ಹಾಳಾಗುವುದಿಲ್ಲ. ಇದು ಮುಂದಿನ ಚಿಕಿತ್ಸೆ ಶುರುವಾಗುವ ಮುಂಚೆ ಆಗಲಿ. ಬೇರೆ ಕಡೆ ಎರಡನೇ ಅಭಿಪ್ರಾಯ ಬೇಕೆಂದರೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಕೇಂದ್ರಗಳಿಗೆ ಹೋಗುವಾಗ ಬರೀ ರಿಪೋರ್ಟ್ ಒಯ್ದರೆ ಸಾಲದು. ಸ್ಲೈಡುಗಳು, ಪ್ರತಿ ಗಡ್ಡೆಯ ಒಂದೊಂದು ಬ್ಲಾಕ್, ಗ್ರಾಸಿಂಗ್ ವಿವರಣೆಯ ಪುಟ ಮತ್ತು ಆಪರೇಷನ್‌ಗೆ ಮುಂಚಿನ ಮ್ಯಾಮೊಗ್ರಾಮ್, ಸ್ಕ್ಯಾನ್ ಫಿಲ್ಮುಗಳನ್ನು ತೆಗೆದುಕೊಂಡು ಹೋಗಿ. ಬ್ಲಾಕ್ ನಂಬರುಗಳನ್ನು ಬರೆದುಕೊಂಡು ಸಹಿ ಹಾಕಿಸಿಕೊಳ್ಳಿ; ಕೆಲಸ ಮುಗಿದ ಮೇಲೆ ಅವನ್ನು ವಾಪಸು ಅದೇ ಪ್ರಯೋಗಾಲಯಕ್ಕೆ ಮುಟ್ಟಿಸಿ. ಎರಡು ವರ್ಷದ ನಂತರ ಹೊಸ ಪರೀಕ್ಷೆ ಬೇಕೆನಿಸಿದರೂ ಆ ಬ್ಲಾಕುಗಳೇ ಬೇಕಾಗುತ್ತವೆ.